ಟ್ರೇಲರ್ ಕೊಳ್ಳುವ ಮುನ್ನ ಅದರ ಎತ್ತರ ನೋಡಿ

ಎಲೆಕ್ಟ್ರಿಕ್ ಪಿಕಪ್ ಇಟ್ಟುಕೊಂಡವರು ಕ್ಯಾಂಪಿಂಗ್ ಟ್ರೇಲರ್ ನೋಡಲು ಹೋದಾಗ ಮೊದಲು ಕೇಳುವುದು, 'ನಮ್ಮ ಗಾಡಿ ಇದನ್ನು ಎಳೆಯುತ್ತದೆಯೇ?' ಎಂದು. ಬಹುಪಾಲು ಎಳೆಯುತ್ತದೆ. 2021ರಲ್ಲಿ ಅಮೆರಿಕದ ರಸ್ತೆಗಿಳಿದ ರಿವಿಯನ್ ಆರ್1ಟಿಗೆ 11,000 ಪೌಂಡ್ ಎಳೆಯುವ ಸಾಮರ್ಥ್ಯವಿದೆ. 2022ರಲ್ಲಿ ಬಂದ ಫೋರ್ಡ್ ಎಫ್-150 ಲೈಟ್ನಿಂಗ್‌ಗೆ ದೊಡ್ಡ ಬ್ಯಾಟರಿಯೂ ಟೋಯಿಂಗ್ ಪ್ಯಾಕೇಜೂ ಇದ್ದರೆ 10,000 ಪೌಂಡ್ ಭಾರವಲ್ಲ. ಆದ್ದರಿಂದ ಹೊಸಬರು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಚಾರ್ಜಿಗೆ ಎಷ್ಟು ದೂರ ಎಳೆಯುತ್ತದೆ? ಇದಕ್ಕೆ ಉತ್ತರ ಕೊಡುವುದು ಟ್ರೇಲರಿನ ತೂಕಕ್ಕಿಂತ ಹೆಚ್ಚಾಗಿ ಅದರ ಆಕಾರ.

ಮೊದಲು ಬ್ಯಾಟರಿಯ ಲೆಕ್ಕ ತಿಳಿಯೋಣ. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 131 ಯೂನಿಟ್ ವಿದ್ಯುತ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ 33.7 ಯೂನಿಟ್‌ನಷ್ಟು ಶಕ್ತಿ ಇದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ಅಂದರೆ ಅಷ್ಟು ದೊಡ್ಡ ಬ್ಯಾಟರಿಯಲ್ಲಿ ಇರುವ ಶಕ್ತಿ ನಾಲ್ಕು ಗ್ಯಾಲನ್ ಪೆಟ್ರೋಲಿನಷ್ಟೂ ಇಲ್ಲ! ಅಷ್ಟರಲ್ಲೇ ಗಾಡಿ ಮುನ್ನೂರು ಮೈಲಿ ಓಡುವುದಾದರೆ ಅದಕ್ಕೆ ಕಾರಣ ಮೋಟಾರಿನ ದಕ್ಷತೆ. ಪೆಟ್ರೋಲ್ ಪಿಕಪ್ಪಿನ ಮೈಲೇಜೂ ಟ್ರೇಲರ್ ಕಟ್ಟಿದಾಗ ಕುಸಿಯುತ್ತದೆ. ಆದರೆ ಅದರ ಟ್ಯಾಂಕ್ ದೊಡ್ಡದು, ಐದು ನಿಮಿಷದಲ್ಲಿ ತುಂಬುತ್ತದೆ. ಎಲೆಕ್ಟ್ರಿಕ್ ಗಾಡಿಯ ಶಕ್ತಿಯ ಗಂಟು ಚಿಕ್ಕದು, ಹಾಗಾಗಿ ಪ್ರತಿ ಯೂನಿಟ್ ಎಲ್ಲಿ ಖರ್ಚಾಗುತ್ತದೆ ಎಂದು ನೋಡಲೇಬೇಕು.

ಹೆಚ್ಚಿನದು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಎದುರುಗಾಳಿಯಲ್ಲಿ ಕೊಡೆ ಬಿಚ್ಚಿ ಹಿಡಿದು ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡೆ ಭಾರವೇನಲ್ಲ, ಆದರೂ ಕಾಲು ಸೋಲುತ್ತದೆ. ಟ್ರೇಲರಿನ ಮುಖ ಎಷ್ಟು ಅಗಲ, ಎತ್ತರ, ಚಪ್ಪಟೆಯೋ ಗಾಳಿಯ ತಡೆ ಅಷ್ಟು ಜಾಸ್ತಿ. ತೂಕವೂ ಲೆಕ್ಕಕ್ಕೆ ಬರುತ್ತದೆ, ಮುಖ್ಯವಾಗಿ ಏರಿನಲ್ಲಿ. ಗಾಡಿ, ಟ್ರೇಲರ್ ಸೇರಿ 4,500 ಕಿಲೋ ಇದ್ದರೆ ಸಾವಿರ ಮೀಟರ್ ಹತ್ತುವುದಕ್ಕೇ ಸುಮಾರು 12 ಯೂನಿಟ್ ಬೇಕು. ಆದರೆ ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನ ಕೆಲಸ ಮಾಡುತ್ತ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಗಾಳಿಗೆ ಕೊಟ್ಟ ಯೂನಿಟ್ ಮಾತ್ರ ವಾಪಸ್ ಬರುವುದಿಲ್ಲ.

ಈಗ ಟ್ರೇಲರ್‌ಗಳನ್ನು ಈ ಕಣ್ಣಿನಿಂದ ನೋಡಿ. ತೀರ ತಗ್ಗಾದವುಗಳಲ್ಲಿ ಒಂದು ಟಿಯರ್‌ಡ್ರಾಪ್. ಒಳಗೆ ಇಬ್ಬರಿಗೆ ಹಾಸಿಗೆ, ಹಿಂಬದಿಯ ಮುಚ್ಚಳ ಎತ್ತಿದರೆ ಪುಟ್ಟ ಅಡುಗೆಕಟ್ಟೆ. ಬಹಳಷ್ಟು ಟಿಯರ್‌ಡ್ರಾಪ್‌ಗಳು ಪಿಕಪ್ಪಿನ ಮರೆಯಲ್ಲೇ ಅಡಗುತ್ತವೆ. ಮಕ್ಕಳಿರುವ ಮನೆಯವರಿಗೆ ಮಡಚುವ ಪಾಪ್-ಅಪ್ ಅಥವಾ ಅಲೈನರ್‌ನಂಥ ಎ-ಫ್ರೇಮ್ ಚೆನ್ನ. ರಸ್ತೆಯಲ್ಲಿ ತಗ್ಗಾಗಿ ಸಾಗಿ, ಕ್ಯಾಂಪಿನಲ್ಲಿ ಎತ್ತರಿಸಿಕೊಳ್ಳುತ್ತವೆ. ಒಳಗೆ ನಿಲ್ಲುವಷ್ಟು ಎತ್ತರ ಬೇಕೆನ್ನುವವರು ಅಂಚು ದುಂಡಗಿರುವುದನ್ನು ಹುಡುಕಲಿ: ಸ್ಕ್ಯಾಂಪ್, ಕಸೀಟಾಗಳಂಥ ಫೈಬರ್‌ಗ್ಲಾಸ್ ಟ್ರೇಲರ್, ಅಥವಾ ಏರ್‌ಸ್ಟ್ರೀಮ್ ಕಂಪನಿಯ ಬೇಸ್‌ಕ್ಯಾಂಪ್. ಕೊನೆಯ ಬಗೆ, ಹತ್ತು ಹನ್ನೊಂದು ಅಡಿ ಎತ್ತರದ ಪೆಟ್ಟಿಗೆಯಾಕಾರದ ಟ್ರೇಲರ್. ಸ್ನಾನದ ಕೋಣೆ, ಸೋಫಾ, ನಾಲ್ಕಾರು ಜನರಿಗೆ ಹಾಸಿಗೆ ಎಲ್ಲವೂ ಉಂಟು. ಊರಿಂದ ಬಂದ ವಯಸ್ಸಾದ ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ಇದೇ ಅನುಕೂಲ. ಗಾಳಿಗೆ ಎದೆಯೊಡ್ಡುವುದರಲ್ಲೂ ಇದೇ ಮೊದಲು. ಇನ್ನು, 2023ರಲ್ಲಿ ಲೈಟ್‌ಶಿಪ್, ಪೆಬಲ್ ಎಂಬ ಕಂಪನಿಗಳು ತಮ್ಮದೇ ಬ್ಯಾಟರಿ ಮತ್ತು ಮೋಟಾರಿನಿಂದ ಪಿಕಪ್ಪಿನ ಹೊರೆ ಇಳಿಸುವ ಟ್ರೇಲರ್‌ಗಳನ್ನು ತೋರಿಸಿದವು. ಉಪಾಯ ಸೊಗಸಾದದ್ದೇ, ಆದರೆ ಬೆಲೆ ಲಕ್ಷ ಡಾಲರಿಗೂ ಮೇಲೆ.

ಒಂದು ಪ್ರಯಾಣದ ಮೇಲೆ ಲೆಕ್ಕ ಹಾಕಿ ನೋಡೋಣ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಲಿನ ಕನ್ನಡಿಗರು ಯೊಸೆಮಿಟಿ ಕಣಿವೆಗೆ ಹೊರಟರೆ ದಾರಿ ಸುಮಾರು 190 ಮೈಲಿ, ಕೊನೆಯ ಭಾಗ ಬೆಟ್ಟದ ಏರು. ಬರೀ ಲೈಟ್ನಿಂಗ್ ಯೂನಿಟ್ಟಿಗೆ ಎರಡು ಮೈಲಿಗೂ ಹೆಚ್ಚು ಓಡುತ್ತದೆ. ಪೆಟ್ಟಿಗೆಯಾಕಾರದ ಟ್ರೇಲರ್ ಕಟ್ಟಿದರೆ ಒಂದು ಮೈಲಿಯ ಆಸುಪಾಸು ಎಂದಿಟ್ಟುಕೊಳ್ಳಿ: ತುಂಬಿದ ಬ್ಯಾಟರಿಗೆ 130 ಮೈಲಿ, ದಾರಿಯಲ್ಲಿ ಚಾರ್ಜಿಂಗ್ ತಪ್ಪಿದ್ದಲ್ಲ. ತಗ್ಗಿನ ಟ್ರೇಲರಿಗೆ ಒಂದೂವರೆ ಎಂದರೆ 195 ಮೈಲಿ. ಆದರೂ ಬ್ಯಾಟರಿಯನ್ನು ಬರಿದಾಗಿಸಿ ಬೆಟ್ಟ ಸೇರುವುದು ಜಾಣತನವಲ್ಲ, ಬಯಲಿನ ಮರ್ಸೆಡ್ ಊರಿನಲ್ಲಿ ಸ್ವಲ್ಪ ತುಂಬಿಸಿಕೊಂಡು ನಿಶ್ಚಿಂತೆಯಿಂದ ಹತ್ತಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ಈ ನಿಯಮ ಬ್ಯಾಟರಿಗೂ ಒಳ್ಳೆಯದೇ: ವೇಗವನ್ನು 65ರಿಂದ 55ಕ್ಕೆ ಇಳಿಸಿದರೆ ಗಾಳಿಯ ತಡೆ ಕಾಲು ಭಾಗಕ್ಕೂ ಹೆಚ್ಚು ತಗ್ಗುತ್ತದೆ.

ಆಕಾರ ಒಪ್ಪಿಗೆಯಾದ ಮೇಲೆ ತೂಕ ನೋಡಿ. ಇದು ಸುರಕ್ಷತೆಯ ವಿಷಯ, ಅಂದಾಜು ಸಲ್ಲದು. ಜಾಹೀರಾತಿನಲ್ಲಿರುವುದು ಖಾಲಿ ಟ್ರೇಲರಿನ ತೂಕ. ನೀವು ನೋಡಬೇಕಾದದ್ದು ಸಾಮಾನು ತುಂಬಿದ ಮೇಲೆ ಅದು ಮೀರಬಾರದ ಗರಿಷ್ಠ ತೂಕ. 40 ಗ್ಯಾಲನ್ ನೀರು ತುಂಬಿಸಿದರೇ 330 ಪೌಂಡ್ ಏರುತ್ತದೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು, ಗಾಡಿಗೆ ಟ್ರೇಲರ್ ಕಟ್ಟುವ ಹಿಚ್ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಓಲಾಡಬಹುದು. 5,000 ಪೌಂಡ್ ಟ್ರೇಲರ್ ಆದರೆ ಹಿಚ್ ಮೇಲೆ 500ರಿಂದ 750 ಪೌಂಡ್. ಈ ಭಾರವೂ, ಗಾಡಿಯಲ್ಲಿ ಕೂತವರ ಮತ್ತು ಸಾಮಾನಿನ ತೂಕವೂ ಸೇರಿ ಪೇಲೋಡ್ ಮಿತಿಯೊಳಗಿರಬೇಕು. ಆ ಮಿತಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಕೊಳ್ಳಲು ಹೋಗುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಚಾರ್ಜಿಂಗ್ ವಿಷಯದಲ್ಲಿ ಎರಡು ಮಾತು. ಬಹಳಷ್ಟು ಫಾಸ್ಟ್ ಚಾರ್ಜರ್‌ಗಳ ಜಾಗ ಬರೀ ಕಾರಿನಷ್ಟು ಉದ್ದ. ಟ್ರೇಲರ್ ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಚಾರ್ಜ್ ಆದ ಮೇಲೆ ಮತ್ತೆ ಕಟ್ಟಬೇಕು. ಹಗುರ ಟ್ರೇಲರಿನಲ್ಲಿ ಈ ಕೆಲಸ ಸಲೀಸು. ನೇರ ಒಳನುಗ್ಗಿ ಆಚೆ ಹೊರಡಬಹುದಾದ ಚಾರ್ಜರ್‌ಗಳೂ ಅಲ್ಲಲ್ಲಿ ಇವೆ, ಹೊರಡುವ ಮುನ್ನ ಗುರುತಿಸಿಕೊಳ್ಳಿ. ಎರಡನೆಯದು, 50 ಆ್ಯಂಪಿಯರ್ ಸಾಕೆಟ್ ಇರುವ ಕ್ಯಾಂಪ್ ಜಾಗ. ಅಲ್ಲಿ ಗಂಟೆಗೆ 9.6 ಯೂನಿಟ್‌ವರೆಗೆ ಎಳೆಯಬಹುದು, ಒಂದು ರಾತ್ರಿಯಲ್ಲಿ ಬ್ಯಾಟರಿಯ ಬಹುಪಾಲು ತುಂಬುತ್ತದೆ. ಗಾಡಿ ಚಾರ್ಜ್ ಮಾಡಲು ಅನುಮತಿ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ಯೊಸೆಮಿಟಿ ಉದ್ಯಾನದೊಳಗಿನ ಕ್ಯಾಂಪ್ ಜಾಗಗಳಲ್ಲಿ ಇಂಥ ವಿದ್ಯುತ್ ಸಂಪರ್ಕವೇ ಇಲ್ಲ.

ಕೊಳ್ಳುವ ಮುನ್ನ ನಿಮಗೆ ಹಿಡಿಸಿದ ಬಗೆಯ ಟ್ರೇಲರನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ನೀವು ಪದೇಪದೇ ಹೋಗುವ ದಾರಿಯಲ್ಲೇ ಎಳೆದು, ಯೂನಿಟ್ಟಿಗೆ ಎಷ್ಟು ಮೈಲಿ ಬಂತೆಂದು ಬರೆದಿಟ್ಟುಕೊಳ್ಳಿ. ಚಾರ್ಜರ್‌ನಿಂದ ಚಾರ್ಜರ್‌ಗೆ ಸಾಮಾನ್ಯವಾಗಿ ಬಳಸುವುದು ಬ್ಯಾಟರಿಯ ಶೇ. 70ರಷ್ಟು, ಅಷ್ಟು ಯೂನಿಟ್‌ಗಳಿಂದ ಆ ಮೈಲಿಯ ಸಂಖ್ಯೆಯನ್ನು ಗುಣಿಸಿದರೆ ನಿಮ್ಮ ನಿಜವಾದ ದೂರ ಸಿಗುತ್ತದೆ. ಆ ದೂರ ನಿಮ್ಮ ದಾರಿಗೆ ಸಾಲದಿದ್ದರೆ ಒಂದಡಿ ತಗ್ಗಿನ ಟ್ರೇಲರ್ ನೋಡಿ.