ಡೇಟಾ ಸೆಂಟರ್ ತಣ್ಣಗಿಡುವ ಮೆಕ್ಯಾನಿಕಲ್ ಎಂಜಿನಿಯರ್‌ಗೆ 6 ಸೂತ್ರಗಳು

ಮೆಕ್ಯಾನಿಕಲ್‌ಗೆ ಸ್ಕೋಪ್ ಇಲ್ಲ, ಕೋಡಿಂಗ್ ಕಲಿತು ಐಟಿಗೆ ಸೇರಿಬಿಡು ಎಂಬ ಉಪದೇಶ ನಿಮಗೂ ಬಂದಿರುತ್ತದೆ. ಆ ಐಟಿ ಓಡುವುದೇ ಡೇಟಾ ಸೆಂಟರ್‌ನಲ್ಲಿ. ಅಲ್ಲಿನ ಸರ್ವರ್‌ಗಳು ಬಿಸಿಯೇರಿ ನಿಂತುಹೋಗದಂತೆ ಕಾಯುವುದು ನಿಮ್ಮ ಬ್ರ್ಯಾಂಚ್. ಅನುಮಾನ ಬಿಡಿ, ಕೆಲಸ ಕಲಿಯಿರಿ.

1. ಲೆಕ್ಕ ಬಾಯಲ್ಲಿರಲಿ.
ಸರ್ವರ್ ಎಳೆದ ಕರೆಂಟೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬರುತ್ತದೆ. 1 ಮೆಗಾವ್ಯಾಟ್ ಐಟಿ ಲೋಡ್‌ಗೆ ಸುಮಾರು 284 ಟನ್ ಕೂಲಿಂಗ್ ಬೇಕು. ಗಾಳಿ 11 ಡಿಗ್ರಿ ಬಿಸಿಯಾಗಿ ಹೊರಬರುವುದಾದರೆ ಕಿಲೋವ್ಯಾಟ್‌ಗೆ ಸುಮಾರು 160 ಸಿಎಫ್‌ಎಂ. ಮೀಟಿಂಗ್‌ನಲ್ಲಿ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅಂದಾಜು ಹೇಳುವವರ ಮಾತಿಗೆ ತೂಕ ಜಾಸ್ತಿ.

2. ಊರಿನ ಹವೆ ಓದಿ.
ಚೆನ್ನೈ ಡಿಸೈನನ್ನು ವೈಟ್‌ಫೀಲ್ಡ್‌ಗೆ ಕಾಪಿ ಮಾಡಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿ ಸುಮಾರು ಶೇ. 10ರಷ್ಟು ತೆಳು. ಅದೇ ಫ್ಯಾನ್, ಅದೇ ಸಿಎಫ್‌ಎಂ, ಆದರೆ ಹೊತ್ತೊಯ್ಯುವ ಶಾಖ ಕಡಿಮೆ. ಇಲ್ಲಿನ ತಂಪು ರಾತ್ರಿಗಳು ಲಾಭ; ಚೆನ್ನೈನ ಕಡಲ ತೇವದಲ್ಲಿ ಕೂಲಿಂಗ್ ಟವರ್‌ಗೇ ಬೆವರು. ನೀರನ್ನೂ ಎಣಿಸಿ. 1 ಮೆಗಾವ್ಯಾಟ್ ಶಾಖವನ್ನು ಪೂರ್ತಿ ಆವಿಯಾಗಿಸಿಯೇ ಕಳೆದರೆ ಗಂಟೆಗೆ ಸುಮಾರು 1,500 ಲೀಟರ್ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ಊರು ಬೆಂಗಳೂರು. ಕ್ಲೈಂಟ್ ಕೇಳುವ ಮೊದಲೇ ಸಂಸ್ಕರಿಸಿದ ನೀರಿನ ದಾರಿಯನ್ನೂ, ನೀರೇ ಬೇಡದ ಏರ್-ಕೂಲ್ಡ್ ಚಿಲ್ಲರ್‌ನ ಕರೆಂಟ್ ಬಿಲ್ಲನ್ನೂ ಪಕ್ಕಪಕ್ಕ ಇಡಿ.

3. 'ಇದು ಕೆಟ್ಟರೆ?' ಎಂದು ಕೇಳಿ.
ಪ್ರತಿ ಪಂಪ್‌ಗೂ, ಪ್ರತಿ ವಾಲ್ವ್‌ಗೂ ಕೇಳಿ. ಟಿಯರ್ 3 ಅಂದರೆ ಯಾವ ಭಾಗವನ್ನು ರಿಪೇರಿಗೆ ತೆಗೆದರೂ ಸರ್ವರ್ ನಿಲ್ಲಬಾರದು. ಕರೆಂಟ್ ಹೋಯಿತು ಅಂದುಕೊಳ್ಳಿ. ಯುಪಿಎಸ್ ಇರುವುದರಿಂದ ಸರ್ವರ್ ಓಡುತ್ತಲೇ ಇದೆ, ಬಿಸಿಯೂ ಏರುತ್ತಿದೆ. ಜನರೇಟರ್ ಸೆಕೆಂಡುಗಳಲ್ಲಿ ಬಂತು, ಚಿಲ್ಲರ್ ಮತ್ತೆ ಪೂರ್ತಿ ಶಕ್ತಿಗೆ ಬರಲು ನಿಮಿಷಗಳು ಬೇಕು. ನಡುವೆ ಗತಿ ಏನು? ತಣ್ಣೀರಿನ ಬಫರ್ ಟ್ಯಾಂಕ್ ಇಡಿ, ಪಂಪ್‌ಗಳನ್ನು ಯುಪಿಎಸ್ ಮೇಲೆ ಹಾಕಿ. ಡ್ರಾಫ್ಟಿಂಗ್ ಮಾಡುವವರಿಗೂ ಡಿಸೈನರ್‌ಗೂ ಇರುವ ವ್ಯತ್ಯಾಸ ಈ ಒಂದು ಪ್ರಶ್ನೆ.

4. ಅತಿ ತಂಪು ಬಿಡಿ.
ಸ್ವೆಟರ್ ಬೇಕಾಗುವ ಸರ್ವರ್ ರೂಮ್ ದುಡ್ಡು ಪೋಲು ಮಾಡುತ್ತಿರುತ್ತದೆ. ಸರ್ವರ್‌ಗೆ ಹೋಗುವ ಗಾಳಿಗೆ ಆಶ್ರೇ ಶಿಫಾರಸು 18ರಿಂದ 27 ಡಿಗ್ರಿ. ಮೊದಲು ಬಿಸಿ, ತಂಪು ಗಾಳಿ ಬೆರೆಯದಂತೆ ಕಂಟೇನ್‌ಮೆಂಟ್ ಮಾಡಿ, ಆಮೇಲೆ ಸೆಟ್‌ಪಾಯಿಂಟ್ ಏರಿಸಿ. 10 ಮೆಗಾವ್ಯಾಟ್ ಐಟಿ ಲೋಡ್‌ನಲ್ಲಿ ಪಿಯುಇ (ಒಟ್ಟು ಕರೆಂಟನ್ನು ಐಟಿ ಕರೆಂಟಿನಿಂದ ಭಾಗಿಸಿದ ಅಂಕಿ) ವರ್ಷಪೂರ್ತಿ 0.1 ಇಳಿದರೆ ಉಳಿಯುವುದು 87.6 ಲಕ್ಷ ಯೂನಿಟ್. ನಿಮ್ಮ ಅಪ್ರೈಸಲ್‌ನಲ್ಲಿ ಇಂಥ ಅಂಕಿ ಬರೆಯಿರಿ.

5. ಲಿಕ್ವಿಡ್ ಕೂಲಿಂಗ್ ಈಗಲೇ ಕಲಿಯಿರಿ.
ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ರ‍್ಯಾಕ್ ಒಂದೇ ಸುಮಾರು 120 ಕಿಲೋವ್ಯಾಟ್. ಮೊದಲ ಸೂತ್ರ ಹಾಕಿ: 19,000 ಸಿಎಫ್‌ಎಂ ದಾಟುತ್ತದೆ. ಒಂದು ರ‍್ಯಾಕ್‌ಗೆ ಅಷ್ಟು ಗಾಳಿ ತುರುಕುವ ಮಾತೇ ಇಲ್ಲ, ಅದಕ್ಕೇ ಪೈಪ್ ಚಿಪ್ ತನಕ ಬಂದಿದೆ. ಕೋಲ್ಡ್ ಪ್ಲೇಟ್, ಕೂಲಂಟ್ ಹಂಚುವ ಸಿಡಿಯು, ಫಿಲ್ಟರ್, ನೀರಿನ ಕೆಮಿಸ್ಟ್ರಿ ಓದಿ. ಹೆದರಬೇಡಿ, ಬುಡದಲ್ಲಿರುವುದು ನೀವು ಪಾಸಾದ ಫ್ಲೂಯಿಡ್ ಮೆಕ್ಯಾನಿಕ್ಸೇ.

6. ಸೈಟ್‌ಗೆ ಹೋಗಿ.
ಕಮಿಷನಿಂಗ್ ದಿನ ಸರ್ವರ್ ಬದಲು ಶಾಖ ಕೊಡುವ ಲೋಡ್ ಬ್ಯಾಂಕ್ ಹಚ್ಚಿ ಕರೆಂಟ್ ತೆಗೆಯುವಾಗ ಅಲ್ಲೇ ನಿಂತು ನೋಡಿ. ಇನ್ನೂ ಕೆಲಸ ಸಿಕ್ಕಿಲ್ಲವೇ? ಈ ವಾರವೇ 1 ಮೆಗಾವ್ಯಾಟ್ ಹಾಲ್‌ಗೆ ಹೀಟ್ ಲೋಡ್, ಗಾಳಿ, ನೀರು, ಬಫರ್ ಟ್ಯಾಂಕ್ ಲೆಕ್ಕ ಹಾಕಿ. ಎರಡು ಪುಟ ಸಾಕು. ರೆಸ್ಯೂಮೆ ಜೊತೆ ಲಗತ್ತಿಸಿ ಕಳಿಸಿ.