ಮೋಟಾರ್‌ಸೈಕಲ್ಲಿಗೂ ಏರ್‌ಬ್ಯಾಗ್ ಇದ್ದರೆ?

ಮಕ್ಕಳೇ, ಕಾರಿನ ಸ್ಟಿಯರಿಂಗ್ ಚಕ್ರದ ನಡುವೆ ಏರ್‌ಬ್ಯಾಗ್ ಮಡಿಸಿಟ್ಟಿರುತ್ತಾರೆ ಎಂಬುದು ನಿಮಗೆ ಗೊತ್ತು. ಅಮೆರಿಕದಲ್ಲಿ 1998ರ ಮಾದರಿಯಿಂದ ಪ್ರತಿ ಹೊಸ ಕಾರಿನಲ್ಲೂ ಮುಂದಿನ ಎರಡು ಸೀಟುಗಳಿಗೆ ಅದು ಕಡ್ಡಾಯ. ಬೇಸಿಗೆ ಬಂತೆಂದರೆ ಶಿಕಾಗೋ, ಡೆಟ್ರಾಯಿಟ್ ರಸ್ತೆಗಳಲ್ಲಿ ಸಾಲುಸಾಲಾಗಿ ಹೋಗುವ ಮೋಟಾರ್‌ಸೈಕಲ್ಲುಗಳಿಗೆ ಮಾತ್ರ ಅದು ಏಕಿಲ್ಲ?

ಏರ್‌ಬ್ಯಾಗ್ ಮಾಡುವ ಕೆಲಸ

ಹುಲ್ಲಿನ ಮೆದೆಯ ಮೇಲೆ ಹಾರಿದರೆ ಪೆಟ್ಟಾಗುವುದು ಕಡಿಮೆ. ಅದೇ ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಹಾರಿದರೆ ಕಾಲು ಮುರಿದೀತು. ವೇಗ ಒಂದೇ, ಆದರೆ ನಿಲ್ಲಲು ಹಿಡಿಯುವ ಸಮಯ ಬೇರೆ. 70 ಕೆ.ಜಿ. ತೂಕದ ಸವಾರ ಗಂಟೆಗೆ 50 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ ಎನ್ನೋಣ. ತೂಕವನ್ನು ವೇಗದಿಂದ ಗುಣಿಸಿದರೆ 980. ಇದೇ ಅವನ ಸಂವೇಗ. ಇದನ್ನು ನಿಲ್ಲುವ ಸಮಯದಿಂದ ಭಾಗಿಸಿದರೆ ಮೈಮೇಲೆ ಬೀಳುವ ಸರಾಸರಿ ಬಲ ಸಿಗುತ್ತದೆ. 0.01 ಸೆಕೆಂಡಿನಲ್ಲಿ ನಿಂತರೆ 98,000 ನ್ಯೂಟನ್, 0.1 ಸೆಕೆಂಡಿನಲ್ಲಿ ನಿಂತರೆ 9,800 ನ್ಯೂಟನ್. ಹತ್ತರಲ್ಲಿ ಒಂದು ಪಾಲು!

ಮೋಟಾರ್‌ಸೈಕಲ್ಲಿನ ತೊಡಕು

ಕಾರಿನಲ್ಲಿ ಸೀಟ್‌ಬೆಲ್ಟ್ ನಮ್ಮನ್ನು ಏರ್‌ಬ್ಯಾಗಿನ ಎದುರಿಗೇ ಹಿಡಿದಿಡುತ್ತದೆ. ಮೋಟಾರ್‌ಸೈಕಲ್ ಸವಾರನಿಗೆ ಬೆಲ್ಟ್ ಇಲ್ಲ. ಅವನು ಯಾವ ಕಡೆಗಾದರೂ ಎಸೆಯಲ್ಪಡಬಹುದು. ಆದರೂ ಹೋಂಡಾ ಕಂಪನಿ 2006ರಲ್ಲಿ, ಮಿಷಿಗನ್ನಿನ ನೆರೆಯ ಓಹಾಯೋದ ಮೇರೀಸ್‌ವಿಲ್ ಕಾರ್ಖಾನೆಯಲ್ಲಿ, ಏರ್‌ಬ್ಯಾಗ್ ಇರುವ ಗೋಲ್ಡ್ ವಿಂಗ್ ತಯಾರಿಸಿತು. ಮುಂಚಕ್ರದ ಫೋರ್ಕಿನಲ್ಲಿರುವ ನಾಲ್ಕು ಸೆನ್ಸರುಗಳು ಡಿಕ್ಕಿಯನ್ನು ಗುರುತಿಸಿದೊಡನೆ, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿ ಸವಾರನನ್ನು ತಡೆಯುತ್ತದೆ. ಇದು ನೆರವಾಗುವುದು ಎದುರಿನಿಂದ ಬಲವಾಗಿ ಡಿಕ್ಕಿಯಾದಾಗ ಮಾತ್ರ. ಪಕ್ಕದಿಂದ ಹೊಡೆತ ಬಿದ್ದರೆ, ಜಾರಿ ಬಿದ್ದರೆ ಇದರಿಂದ ಪ್ರಯೋಜನವಿಲ್ಲ. ಸುಮಾರು 400 ಕೆ.ಜಿ. ತೂಗುವ ಆ ದೊಡ್ಡ ಗಾಡಿಯಲ್ಲಿ ಚೀಲ ಇಡಲು ಜಾಗವಿತ್ತು. ಚಿಕ್ಕ ಸ್ಕೂಟರಿನಲ್ಲಿ ಅಷ್ಟು ಜಾಗ ಎಲ್ಲಿದೆ?

ಮೈಮೇಲಿನ ಏರ್‌ಬ್ಯಾಗ್

ಚೀಲವನ್ನು ಗಾಡಿಗೆ ಬದಲು ಸವಾರನ ಅಂಗಿಗೇ ಜೋಡಿಸುವುದು ಇನ್ನೊಂದು ಉಪಾಯ. ಕೆಲವು ಜಾಕೆಟ್ಟುಗಳಿಗೆ ಗಾಡಿಗೆ ಕಟ್ಟಿದ ದಾರವಿರುತ್ತದೆ. ಸವಾರ ಎಸೆಯಲ್ಪಟ್ಟಾಗ ದಾರ ಎಳೆದು, ಪುಟ್ಟ ಡಬ್ಬಿಯ ಅನಿಲ ಚೀಲವನ್ನು ಉಬ್ಬಿಸುತ್ತದೆ. ಇನ್ನು ಕೆಲವು ಸೆನ್ಸರಿನಿಂದ ನಡೆಯುತ್ತವೆ. ಸವಾರ ಯಾವ ಕಡೆಗೆ ಬಿದ್ದರೂ ಚೀಲ ಅವನ ಜೊತೆಗೇ ಇರುತ್ತದೆ. ಮೋಟೋಜಿಪಿ ಪಂದ್ಯಗಳಲ್ಲಿ 2018ರಿಂದ ಇಂಥ ಉಡುಪು ಕಡ್ಡಾಯ. ಆದರೆ ಇದು ಕಾಪಾಡುವುದು ಎದೆ, ಬೆನ್ನು, ಭುಜಗಳಂಥ ಭಾಗಗಳನ್ನು, ತಲೆಯನ್ನಲ್ಲ.

ತಲೆಗೆ ಹೆಲ್ಮೆಟ್ಟೇ ಬೇಕು. ಹೆಲ್ಮೆಟ್ ಸವಾರರ ಸಾವಿನ ಅಪಾಯವನ್ನು ಶೇ. 37ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಂದಾಜು ಮಾಡಿದೆ. ಆದರೂ ಇಲಿನಾಯ್ಸ್‌ನಲ್ಲಿ ಮೋಟಾರ್‌ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಮಿಷಿಗನ್ನಿನಲ್ಲಿ 2012ರಿಂದ 21 ವರ್ಷ ತುಂಬಿದವರು ಕೆಲವು ಷರತ್ತುಗಳೊಂದಿಗೆ ಅದಿಲ್ಲದೆ ಓಡಿಸಬಹುದು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ.

ಪೋಷಕರೇ, ರಜೆಗೆ ಊರಿಗೆ ಹೋದಾಗ ಮಕ್ಕಳು ಚಿಕ್ಕಪ್ಪನ ಸ್ಕೂಟರ್ ಹತ್ತುವ ಮುನ್ನ ಅವರ ಅಳತೆಯ ಹೆಲ್ಮೆಟ್ ಇದೆಯೇ ಎಂದು ನೋಡಿ. ಏರ್‌ಬ್ಯಾಗ್ ಇದ್ದರೆ ಒಳ್ಳೆಯದು. ಹೆಲ್ಮೆಟ್ ಇಲ್ಲದಿದ್ದರೆ ಆಗದು.

ಮನೆಲೆಕ್ಕ: ಮೇಲಿನ ಸವಾರನ ವೇಗ ಸೆಕೆಂಡಿಗೆ 28 ಮೀಟರ್ ಆದರೆ, 0.1 ಸೆಕೆಂಡಿನಲ್ಲಿ ನಿಲ್ಲಲು ಅವನ ಮೇಲೆ ಬೀಳುವ ಬಲ ಎಷ್ಟು?