ಕೆಡವುವ ಮುನ್ನ ಒಂದು ಮಳೆಗಾಲ ನೋಡಿ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆ ಅಜ್ಜನ ಕಾಲದ್ದು. ಜಂಬಿಟ್ಟಿಗೆಯ ಪಂಚಾಂಗ, ದಪ್ಪ ಮಣ್ಣಿನ ಗೋಡೆ, ಮಂಗಳೂರು ಹಂಚಿನ ಮಾಡು. ಅಪ್ಪ ತೀರಿಕೊಂಡ ಮೇಲೆ ಇದನ್ನು ದುರಸ್ತಿ ಮಾಡಿಸುವುದೋ, ಕೆಡವಿ ಆರ್‌ಸಿಸಿ ಮನೆ ಕಟ್ಟುವುದೋ ಎಂಬ ಚರ್ಚೆ ಶುರುವಾಯಿತು. ಅಣ್ಣ ಕೆಡವೋಣ ಎಂದ, ಅಮ್ಮ ಬೇಡ ಎಂದಳು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಮಾಡು ಸೋರುತ್ತಿತ್ತು, ಗೋಡೆಯ ಬುಡ ಥಂಡಿ ಹಿಡಿದಿತ್ತು, ಗೆದ್ದಲು ಎದ್ದಿತ್ತು, ಅಡುಗೆಮನೆ ಹಗಲಲ್ಲೂ ಕತ್ತಲು, ಬಚ್ಚಲಿಗೆ ಅಂಗಳ ದಾಟಿ ಹೋಗಬೇಕು.

ಈ ದೂರುಗಳನ್ನೆಲ್ಲ ಬರೆದು ಎರಡು ಪಾಲು ಮಾಡಿದೆವು: ಕಟ್ಟಡದ ದೋಷ ಯಾವುದು, ನಮ್ಮ ಅನನುಕೂಲ ಯಾವುದು. ಕತ್ತಲೆ ಅಡುಗೆಮನೆಯೂ ದೂರದ ಬಚ್ಚಲೂ ಅನನುಕೂಲ. ಅದಕ್ಕಾಗಿ ಇಡೀ ಮನೆ ಕೆಡವಬೇಕಿಲ್ಲ. ಸೋರಿಕೆ, ಥಂಡಿ, ಗೆದ್ದಲು ದೋಷಗಳು. ಅವು ಎಷ್ಟು ಆಳಕ್ಕೆ ಇಳಿದಿವೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ಇದನ್ನು ಗುತ್ತಿಗೆ ಹಿಡಿಯಲು ಬಂದವರನ್ನು ಕೇಳಬಾರದು. ನಾವು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ಶುಲ್ಕ ಕೊಟ್ಟು ಕರೆಸಿದೆವು. ಮನೆ ಉಳಿದರೂ ಬಿದ್ದರೂ ಅವರಿಗೆ ಬರುವ ಹಣ ಅಷ್ಟೇ, ಹಾಗಾಗಿ ಮಾತು ನೇರವಾಗಿತ್ತು.

ಮಾಡಿನ ಪರೀಕ್ಷೆ ಊರಿನ ಆಚಾರಿಯದು. ಹಂಚು ಸರಿಸಿ ಮೇಲೆ ಹತ್ತಿ, ಒಂದೊಂದೇ ಪಕಾಸಿಗೆ ಉಳಿ ಚುಚ್ಚುತ್ತಾ ಹೋದರು. ಉಳಿ ಮೆತ್ತಗೆ ಒಳಗಿಳಿದ ಕಡೆ ಸೀಮೆಸುಣ್ಣದ ಗೆರೆ ಎಳೆದರು. ಕೆಳಗಿಳಿದು ನೋಡಿದರೆ ಬಿಳಿ ಗೆರೆಗಳೆಲ್ಲ ಎರಡೇ ಕಡೆ ಗುಂಪಾಗಿದ್ದವು: ಎರಡು ಇಳಿಜಾರು ಕೂಡುವ ಮೂಲೆಯಲ್ಲಿ, ಮತ್ತೆ ಪಕಾಸು ಗೋಡೆಯ ಮೇಲೆ ಕೂರುವ ತುದಿಯಲ್ಲಿ. ಉಳಿದ ಹೊನ್ನೆ, ಮತ್ತಿ ಮರ ಗಟ್ಟಿಯಾಗಿತ್ತು. "ಮರ ಹಾಳಾಗಿಲ್ಲ ಅಯ್ಯಾ, ನೀರು ಬಿದ್ದ ಜಾಗ ಹಾಳಾಗಿದೆ," ಎಂದರು. ಆ ಮೂಲೆಗೆ ಹೊಸ ತಗಡಿನ ದೋಣಿ ಹಾಕಿಸಿ, ಕೊಳೆತ ತುದಿಗಳನ್ನು ಕತ್ತರಿಸಿ ಹೊಸ ಮರ ಜೋಡಿಸಿದೆವು. 1860ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಈ ಹಂಚಿನ ಮಾದರಿ ಇನ್ನೂ ಬಳಕೆಯಲ್ಲಿದೆ. ಒಡೆದ ಹಂಚುಗಳ ಜಾಗಕ್ಕೆ ಅಳತೆ ಹೊಂದುವಂಥವು ಕೆಡವಿದ ಬೇರೊಂದು ಮನೆಯಿಂದ ಸಿಕ್ಕವು.

ಥಂಡಿಯ ಮೂಲವೂ ನೀರೇ. ಅಂಗಳದ ಮಣ್ಣು ವರ್ಷ ವರ್ಷ ಏರಿ ಪಂಚಾಂಗದ ಮಟ್ಟಕ್ಕೆ ಬಂದಿತ್ತು. ಸೂರಿನ ನೀರು ಸೀದಾ ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಸಾಲದ್ದಕ್ಕೆ ಹಿಂದೆಂದೋ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಗಿಲಾವು ಬಳಿದಿದ್ದರು. ಮಣ್ಣಿನ ಗೋಡೆ ಹೀರಿದ ನೀರನ್ನು ಹೊರಗೆ ಬಿಡಬೇಕು. ಸಿಮೆಂಟ್ ಅದಕ್ಕೆ ದಾರಿ ಕಟ್ಟುತ್ತದೆ, ನೀರು ಒಳಗೇ ಉಳಿದು ಗೋಡೆ ಮೆದುವಾಗುತ್ತದೆ. ಅದನ್ನು ಕಿತ್ತು ಸುಣ್ಣದ ಗಾರೆ ಬಳಿಸಿದೆವು, ಅಂಗಳದ ಮಣ್ಣು ತೆಗೆದು ಸೂರಿನಡಿ ಚರಂಡಿ ಮಾಡಿದೆವು. ಮುಂದಿನ ಮಳೆಗಾಲಕ್ಕೆ ಥಂಡಿ ಬಹುಮಟ್ಟಿಗೆ ಇಳಿಯಿತು.

ನಡುಮನೆಯ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕಿತ್ತು. ನಮ್ಮನ್ನು ಹೆದರಿಸಿದ್ದು ಅದು. ಎಂಜಿನಿಯರ್ ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ ಪಕ್ಕದಲ್ಲಿ ತಾರೀಕು ಬರೆದರು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ. ಇಡೀ ಮಳೆಗಾಲ ಕಳೆದರೂ ಗಾಜು ಸೀಳಲಿಲ್ಲ. ಅದು ಎಂದೋ ಆಗಿ ನಿಂತುಹೋದ ಬಿರುಕು.

ಅಣ್ಣನ ಇನ್ನೊಂದು ಸಲಹೆ, ಗೋಡೆ ಉಳಿಸಿಕೊಂಡು ಮೇಲೆ ತಾರಸಿ ಹಾಕೋಣ ಎಂಬುದು. ಇದಕ್ಕೆ ಎಂಜಿನಿಯರ್ ಖಂಡಿತ ಬೇಡ ಎಂದರು. ರೀಪು ಸೇರಿ ಹಂಚಿನ ಹೊದಿಕೆ ಚದರ ಮೀಟರಿಗೆ ಸುಮಾರು 65 ಕಿಲೋ ತೂಗಿದರೆ, ಐದಿಂಚಿನ ಆರ್‌ಸಿಸಿ 300 ಕಿಲೋ ದಾಟುತ್ತದೆ. ಹಂಚಿಗೆಂದು ಕಟ್ಟಿದ ಮಣ್ಣಿನ ಗೋಡೆಯ ಮೇಲೆ ಈ ಭಾರ ಹೇರುವುದು ಅಪಾಯ. ಅದೂ ಅಲ್ಲದೆ, ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಮಲೆನಾಡಿನಲ್ಲಿ ಚಪ್ಪಟೆ ತಾರಸಿಯ ಮೇಲೆ ಕೆಲವೇ ವರ್ಷದಲ್ಲಿ ತಗಡಿನ ಮಾಡು ಏಳುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ.

ಹಿಂಬದಿಯ ಅಡುಗೆಮನೆ ಭಾಗದ ಕಥೆ ಬೇರೆ. ಅಲ್ಲಿ ಅಡಿಪಾಯವೇ ಕುಸಿದು ಗೋಡೆ ಹೊರಕ್ಕೆ ವಾಲಿತ್ತು. ಅದನ್ನು ಕೆಡವಿ, ಬೆಳಕು ಬರುವ ಅಡುಗೆಮನೆಯನ್ನೂ ಒಳಗೇ ಬಚ್ಚಲನ್ನೂ ಹೊಸದಾಗಿ ಕಟ್ಟಿದೆವು. ಕೆಡವುವುದೋ ಉಳಿಸುವುದೋ ಎಂದು ಇಡೀ ಮನೆಗೆ ಒಂದೇ ಉತ್ತರ ಹುಡುಕಬೇಕಿಲ್ಲ ಎಂಬುದನ್ನು ಈ ಭಾಗವೇ ಕಲಿಸಿತು.

ಕೆಡವಲೇಬೇಕಾದ ಮನೆಗಳೂ ಇವೆ. ಪೇಟೆಯಲ್ಲಿ ಚಿಕ್ಕಪ್ಪನ ಆರ್‌ಸಿಸಿ ಮನೆ ನಮ್ಮದಕ್ಕಿಂತ ಎಷ್ಟೋ ಹೊಸದು. ಆದರೆ ಕಂಬ, ತೊಲೆಗಳ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಒಂದೆರಡು ಕಡೆಯಾದರೆ ರಿಪೇರಿ ಸಾಧ್ಯ. ಅಲ್ಲಿ ಎಲ್ಲ ಕಂಬಕ್ಕೂ ಹರಡಿತ್ತು. ಚಿಕ್ಕಪ್ಪ ಕೆಡವಿಸಿದ್ದು ಸರಿಯಾದ ನಿರ್ಧಾರ.

ಖರ್ಚಿನ ವಿಷಯದಲ್ಲಿ ಎರಡೂ ದಾರಿಯಲ್ಲಿ ಕಾಣದ ಬಾಬ್ತುಗಳಿವೆ. ದುರಸ್ತಿಯಲ್ಲಿ ಗೋಡೆ ಬಿಚ್ಚಿದ ಮೇಲೆ ಹೊಸ ಕೆಲಸ ಹುಟ್ಟುತ್ತದೆ, ಅಂದಾಜಿನ ಐದನೇ ಒಂದು ಪಾಲಾದರೂ ಪ್ರತ್ಯೇಕ ತೆಗೆದಿಡಿ. ಕೆಡವಿದರೆ ಅವಶೇಷ ಸಾಗಿಸುವ ಖರ್ಚು, ಬಾಡಿಗೆ ಮನೆ, ನಕ್ಷೆಯ ಅನುಮತಿ ಎಲ್ಲ ಸೇರುತ್ತವೆ. ಪೇಟೆಯಲ್ಲಾದರೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕಾಗಿ, ಹಳೆಯದಕ್ಕಿಂತ ಕಿರಿದಾದ ಮನೆ ಏಳುವುದೂ ಉಂಟು.

ಹಳೇ ಮನೆ ಇರುವವರಲ್ಲಿ ನನ್ನ ವಿನಂತಿ ಇಷ್ಟು. ಅಡಿಪಾಯ, ಗೋಡೆ, ಕಬ್ಬಿಣ ಸೋತಿದ್ದರೆ ಮೋಹ ಬಿಟ್ಟು ಕೆಡವಿ. ನೀರು ತಪ್ಪು ದಾರಿ ಹಿಡಿದಿರುವುದಷ್ಟೇ ದೋಷವಾದರೆ ನೀರಿನ ದಾರಿ ತಿದ್ದಿ, ಮನೆ ಉಳಿಸಿಕೊಳ್ಳಿ. ಯಾವುದು ಎಂದು ತಿಳಿಯಲು ಒಂದು ಮಳೆಗಾಲ ಕಾಯಿರಿ. ದುರಸ್ತಿಯನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಕೆಡವಿದ ಗೋಡೆಯನ್ನು ಮತ್ತೆ ನಿಲ್ಲಿಸಲಾಗದು.